ಮಿಡಿಬಳೆ ಮಾಡಿದವಳು

"ಇದು ಸತ್ತುಹೋಗಿದೆ!"

ಮೇಜಿನ ಮೇಲೆ ಠಪ್ಪೆಂದು ಬಿದ್ದದ್ದನ್ನು ಕಂಡು ಅವಳು ಬೆಚ್ಚಿಬಿದ್ದಳು. ನೀಲಿ ಪಟ್ಟಿ, ನಡುವೆ ಗುಂಡಗಿನ ಪುಟ್ಟ ಬಿಲ್ಲೆ. ಮಿಡಿಬಳೆ! ಅವಳದೇ ಕೈಯಲ್ಲಿ ಹುಟ್ಟಿದ್ದು...

ಎದುರಿಗೆ ನಿಂತವನ ಅಂಗಿಯ ತೋಳಿನ ಮೇಲೆ ಒಣಗಿದ ರಕ್ತದ ಕಲೆಯಿತ್ತು. ಮೆಟ್ಟಿಲು ಹತ್ತಿ ಓಡಿಬಂದಿದ್ದನೇನೋ, ಎದೆ ಏರಿಳಿಯುತ್ತಿತ್ತು. ಅವನ ಬೆನ್ನಿಗೇ ಬಂದ ಇಬ್ಬರು ಸೆಕ್ಯುರಿಟಿಯವರು ಗಾಜಿನ ಬಾಗಿಲಲ್ಲಿ ನಿಂತು ಅವಳ ಅಪ್ಪಣೆಗಾಗಿ ಕಾಯುತ್ತಿದ್ದರು.

"ಸ್ವಲ್ಪ ತಡೀರಿ," ಎಂದು ಅವರಿಗೆ ಕೈಸನ್ನೆ ಮಾಡಿ ಅವನತ್ತ ತಿರುಗಿದಳು. "ಯಾರು ನೀವು? ಏನಾಯ್ತು?"

"ಏನಾಯ್ತಾ? ನಮ್ಮಕ್ಕನಿಗೆ ಕಿವಿ ಕೇಳಲ್ಲ. ಮಗು ಅತ್ರೆ ಈ ಬಳೆ ಮಿಡಿಯುತ್ತೆ ಅಂತ ನಂಬ್ಕೊಂಡು ಅಡುಗೆಮನೇಲಿ ಪಾತ್ರೆ ತೊಳೀತಿದ್ಲು. ಒಳಗೆ ಮಗು ಮಂಚದಿಂದ ಬಿದ್ದು ಹಣೆ ಒಡ್ಕೊಂಡು ಕಿರುಚ್ತಾ ಇತ್ತು. ನಾನು ಹೋಗಿ ನೋಡೋ ಹೊತ್ತಿಗೆ ಅತ್ತೂ ಅತ್ತೂ ಅದರ ದನಿಯೇ ಹೋಗಿತ್ತು!"

ಅವಳು ಕೈ ಚಾಚಿದಳು. ಬಳೆಯನ್ನು ಕೈಗೆತ್ತಿಕೊಂಡಳು. ಬಿಲ್ಲೆಯ ಅಂಚಿನಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು.

"ಆದ್ರೆ... ದೀಪ ಉರೀತಿದೆಯಲ್ಲ..."

"ಅದೇ ಅಲ್ವಾ ಮೋಸ! ಕೆಟ್ಟಿದೆ ಅಂತಾದ್ರೂ ಗೊತ್ತಾಗಿದ್ರೆ ಅಕ್ಕ ಮಗೂನ ಕಣ್ಣೆದುರಿಗೇ ಇಟ್ಕೊಳ್ತಿದ್ಲು. ಫೋನ್ ಮಾಡಿದ್ರೆ ನಿಮ್ಮೋರು ಹೇಳ್ತಾರೆ, 'ಹಳೇ ಮಾದರಿಗೆ ಸೇವೆ ನಿಂತಿದೆ' ಅಂತ. ನಿಲ್ಸೋಕೆ ಮುಂಚೆ ಒಂದು ಮಾತು ಹೇಳೋಕೆ ಬಾಯಿರ್ಲಿಲ್ವಾ ನಿಮಗೆ?"

"ನಿಲ್ಸಿದಾರಾ?... ನನಗೆ... ನನಗೆ ಗೊತ್ತಿಲ್ಲ."

ಅವನು ನಕ್ಕ. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ಬಾಗಿಲ ಮೇಲೆ 'ಮುಖ್ಯ ಆವಿಷ್ಕಾರಕಿ' ಅಂತ ಬೋರ್ಡು ಹಾಕ್ಕೊಂಡಿದೀರಿ. ಹೆತ್ತ ತಾಯಿಗೇ ಮಗು ಸತ್ತಿದ್ದು ಗೊತ್ತಿಲ್ವಾ?"

ತಾನಾಗಿಯೇ ತಿರುಗಿ ಹೊರಟುಹೋದ. ಗಾಜಿನ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಅವಳು ಕುರ್ಚಿಗೆ ಕುಸಿದಳು. ಉಸಿರುಗಟ್ಟಿದಂತಾಗಿ ಕಿಟಕಿಯತ್ತ ನೋಡಿದಳು. ಆ ಕಟ್ಟಡದ ಯಾವ ಕಿಟಕಿಯೂ ತೆರೆಯುತ್ತಿರಲಿಲ್ಲ.

ಅವಳನ್ನು ಮನೆಯವರು ಕರೆಯುತ್ತಿದ್ದದ್ದು 'ತಂತಿ' ಎಂದು. ಮೈಯೂ ತಂತಿಯ ಹಾಗೆ ಸಪೂರ, ಕೈಯಲ್ಲೂ ಸದಾ ಒಂದು ತುಂಡು ತಂತಿ. ಚಿಕ್ಕವಳಿದ್ದಾಗ ಮನೆಯ ರೇಡಿಯೊ ಬಿಚ್ಚಿದಳು, ಗಡಿಯಾರ ಬಿಚ್ಚಿದಳು, ಅಪ್ಪನ ಶೇವಿಂಗ್ ಮೆಷಿನ್ನನ್ನೂ ಬಿಡಲಿಲ್ಲ. ಅರ್ಧ ಕೆನ್ನೆ ಬೋಳಿಸಿಕೊಂಡು ಆಫೀಸಿಗೆ ಹೋದ ಅಪ್ಪ ಆ ಕಥೆಯನ್ನು ಸಾಯುವವರೆಗೂ ಹೆಮ್ಮೆಯಿಂದಲೇ ಹೇಳುತ್ತಿದ್ದರು.

ಕಾಲೇಜು ಮುಗಿಯುವ ಮೊದಲೇ ಮೊದಲ ಕಂಪನಿ. ಹಾಲು ಉಕ್ಕುವ ಮುಂಚೆ ತಾನಾಗಿಯೇ ಆರುವ ಒಲೆ. ಆ ಒಲೆ ಹಾಲು ಬಿಸಿಯಾಗುವ ಮುಂಚೆಯೇ ಆರುತ್ತಿತ್ತು! ಕಂಪನಿಯೂ ಆರಿತು. ಎರಡನೆಯದು ಮೇಲಿನ ತೊಟ್ಟಿ ತುಂಬಿದರೆ ಮೋಟಾರು ನಿಲ್ಲಿಸುವ ಯಂತ್ರ. ಅದು ಓಡಿತು. ಲೆಕ್ಕ, ಮಾರಾಟ, ಜನರ ಜೊತೆ ಮಾತುಕತೆ ಎಲ್ಲ ಅಣ್ಣನದು. ಬಿಚ್ಚುವುದು, ಜೋಡಿಸುವುದು, ಕೈ ಸುಟ್ಟುಕೊಳ್ಳುವುದು ಇವಳದು.

ಮೂರನೆಯದೇ ಮಿಡಿಬಳೆ. ಮನೆಯ ಸದ್ದುಗಳನ್ನು ಹಿಡಿದು, ಅದೇನು ಸದ್ದು ಎಂದು ದೂರದ ದೊಡ್ಡ ಕಂಪ್ಯೂಟರಿನಿಂದ ಕೇಳಿ ತಿಳಿದು, ಕಿವಿ ಕೇಳದವರ ಮಣಿಕಟ್ಟಿನ ಮೇಲೆ ಮಿಡಿಯುವ ಪಟ್ಟಿ. ಮಗು ಅತ್ತರೆ ಒಂದು ಬಗೆ, ಬಾಗಿಲು ತಟ್ಟಿದರೆ ಇನ್ನೊಂದು ಬಗೆ. ಅದು ಎಷ್ಟು ಬೇಗ ಹೆಸರು ಮಾಡಿತೆಂದರೆ, ಕೇಳಿದಷ್ಟು ಜನಕ್ಕೆ ಮಾಡಿಕೊಡಲು ಇವರ ಪುಟ್ಟ ಕಾರ್ಖಾನೆಗೆ ಆಗಲೇ ಇಲ್ಲ. ಆಗ ಬಂದರು ದೊಡ್ಡ ಕಂಪನಿಯ ಅಧ್ಯಕ್ಷರು. ಬಾಯಿ ತುಂಬ ಸಕ್ಕರೆ.

"ನಿಮ್ಮ ಬಳೆ ಪ್ರತಿ ಕೈಗೂ ತಲುಪಬೇಕಮ್ಮ. ಅದು ನಮ್ಮಿಂದ ಆಗುತ್ತೆ," ಎಂದಿದ್ದರು.

ಕಂಪನಿ ಮಾರುವ ಪತ್ರಕ್ಕೆ ಅಣ್ಣ ಸಹಿ ಹಾಕಿದ. ಅವಳೂ ಹಾಕಿದಳು. ನಾಲ್ಕು ವರ್ಷ ಅಲ್ಲೇ ಕೆಲಸ ಮಾಡಬೇಕು. ಆ ನಾಲ್ಕು ವರ್ಷದಲ್ಲಿ ಅವಳ ತಲೆಗೆ ಏನು ಹೊಳೆದರೂ ಅದು ಕಂಪನಿಯ ಸ್ವತ್ತು.

ಗಾಜಿನ ಕೋಣೆ ಸಿಕ್ಕಿತು. ಮೆತ್ತನೆಯ ಕುರ್ಚಿ ಸಿಕ್ಕಿತು. ಒಂದು ಸ್ಕ್ರೂಡ್ರೈವರ್ ಕೇಳಿದಳು. 'ಸುರಕ್ಷತೆಯ ನಿಯಮ' ಎಂದು ಕೊಡಲಿಲ್ಲ. ಬಂದ ಅತಿಥಿಗಳಿಗೆಲ್ಲ ಅವಳನ್ನು ತೋರಿಸುತ್ತಿದ್ದರು... ಪಂಜರದ ಗಿಣಿಯನ್ನು ತೋರಿಸುವ ಹಾಗೆ.

ಅವನು ಬಂದುಹೋದ ಆ ದಿನ ಅವಳು ನೇರ ಅದೇ ಕಟ್ಟಡದಲ್ಲಿದ್ದ ಅಣ್ಣನ ಕೋಣೆಗೆ ನುಗ್ಗಿದಳು.

"ಹಳೇ ಬಳೆಗಳನ್ನ ನಿಲ್ಸಿದಾರೆ. ನಿನಗೆ ಗೊತ್ತಿತ್ತಾ?"

ಅಣ್ಣ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಹೊಸಾದು ಬರುತ್ತಲ್ಲ, ತಂತಿ..."

"ಒಂದು ಮಗು ಹಣೆ ಒಡ್ಕೊಂಡಿದೆ ಕಣೋ!"

"ನಾವೇನು ಮಾಡೋಕಾಗುತ್ತೆ? ಮಾರಿದ್ದೀವಿ. ಮಾರಿದ ಹಸುವಿನ ಹಾಲು ಕರೆಯೋಕೆ ಹೋಗ್ಬಾರ್ದು."

'ಹಸು ಒಂದೇ ಅಲ್ಲ ಅಣ್ಣಾ... ನಾನೂ ಅದರ ಜೊತೇಲೇ ಮಾರಾಟ ಆಗಿದ್ದೀನಿ,' ಎಂದುಕೊಂಡಳು.

ಮೇಜಿನ ಮೇಲೆ ಬಿಟ್ಟುಹೋದ ಬಳೆಯ ಪಟ್ಟಿಯಲ್ಲಿ ಒಂದು ಶಾಲೆಯ ಹೆಸರಿನ ಚೀಟಿ ಅಂಟಿತ್ತು. ಶನಿವಾರ ಮಧ್ಯಾಹ್ನ ಅವಳು ಆ ಶಾಲೆ ಹುಡುಕಿಕೊಂಡು ಹೋದಳು.

ಕಿವಿ ಕೇಳದ ಮಕ್ಕಳ ಶಾಲೆ. ಆವತ್ತು ಬಳೆ ತಂದೆಸೆದವನೇ ಅಲ್ಲಿ ಮಾತು ಕಲಿಸುವ ಮೇಷ್ಟ್ರು. ಒಬ್ಬ ಹುಡುಗಿಯ ಅಂಗೈಯನ್ನು ತನ್ನ ಗಂಟಲಿನ ಮೇಲಿಟ್ಟುಕೊಂಡು "ಮ... ಮ..." ಎನ್ನುತ್ತಿದ್ದವನು ಇವಳನ್ನು ಕಂಡವನೇ ಮುಖ ಬಿಗಿದುಕೊಂಡ.

"ಕ್ಷಮೆ ಕೇಳೋಕೆ ಬಂದಿದ್ರೆ ನಮ್ಮಕ್ಕನ ಹತ್ರ ಕೇಳಿ. ನನ್ನ ಹತ್ರ ಬೇಡ."

"ಕ್ಷಮೆಗಲ್ಲ," ಎಂದಳು ಅವಳು. "ರಿಪೇರಿಗೆ ಬಂದಿದ್ದೀನಿ."

ಅಕ್ಕ ಅದೇ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಹತ್ತನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು, ಮಾತು ಉಳಿದಿತ್ತು. ಮಗುವಿನ ಹಣೆಯ ಮೇಲಿನ ಹೊಲಿಗೆ ಕಂಡು ಇವಳ ಕಣ್ಣು ತುಂಬಿತು. ಅಕ್ಕ ಅವಳ ತುಟಿಯನ್ನೇ ನೋಡುತ್ತಾ ಎಲ್ಲ ಕೇಳಿಸಿಕೊಂಡಳು... ಅಲ್ಲ, ನೋಡಿಕೊಂಡಳು. ಆಮೇಲೆ ಮಗುವನ್ನು ಅವಳ ತೊಡೆಯ ಮೇಲೆ ಕೂರಿಸಿ, "ಹಿಡ್ಕೊಳ್ಳಿ. ಟೀ ತರ್ತೀನಿ," ಎಂದಳು. ಅಷ್ಟೇ!

ಶಾಲೆಯ ಹಿಂದೆ ಮುರಿದ ಬೆಂಚುಗಳನ್ನು ಹಾಕುವ ಒಂದು ಕೋಣೆಯಿತ್ತು. ಅದೇ ಅವಳ ಕಾರ್ಖಾನೆಯಾಯಿತು. ದೂರದ ಕಂಪ್ಯೂಟರಿನ ಹಂಗೇ ಇಲ್ಲದೆ, ಬಳೆಯೇ ಸದ್ದನ್ನು ಗುರುತಿಸುವ ಹಾಗೆ ಮಾಡಬೇಕು. ಸಂಜೆ ಸಂಜೆ ಆಫೀಸು ಮುಗಿಸಿ ಓಡಿಬರುತ್ತಿದ್ದಳು. ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ಅವಳಿಗೆ ತವರಿಗೆ ಬಂದಂತಾಗುತ್ತಿತ್ತು.

ಸದ್ದುಗಳು ಬೇಕಿದ್ದವು. ಒದಗಿಸುವ ಕೆಲಸ ಮೇಷ್ಟ್ರದು.

"ಮಗು ಅತ್ತ ಹಾಗೆ ಅಳಿ."

"ನಾನಾ?"

"ಮತ್ತೆ ನಾನಾ?"

ಅವನು ಆಚೀಚೆ ನೋಡಿ, ಗಂಟಲು ಸರಿಮಾಡಿಕೊಂಡು, "ಉಂವ್ಞಾ..." ಎಂದ. ಬಳೆ ತಕ್ಷಣ ಮಿಡಿಯಿತು, ಬಾಗಿಲು ತಟ್ಟಿದ ಬಗೆಯಲ್ಲಿ!

"ನಿಮ್ಮ ಅಳು ಬಾಗಿಲು ತಟ್ಟಿದ ಹಾಗಿದೆಯಂತೆ!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎಷ್ಟೋ ಕಾಲದ ಮೇಲೆ ಬಂದ ನಗು. ಅವನು ತಾನೂ ನಗುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ. ಇಬ್ಬರಿಗೂ ಅದು ಗೊತ್ತಾಯಿತು. ಇಬ್ಬರೂ ಒಟ್ಟಿಗೇ ತಂತಿಯ ಸುರುಳಿಗೆ ಕೈ ಹಾಕಿದರು... ಒಟ್ಟಿಗೇ ಹಿಂದೆಗೆದರು.

"ಆವತ್ತು... ಸಿಟ್ಟಲ್ಲಿ ಏನೇನೋ ಅಂದ್ಬಿಟ್ಟೆ," ಎಂದ ಅವನು.

"ಅಂದಿದ್ದು ಸರಿಯಾಗೇ ಇತ್ತು," ಎಂದಳು. "ಆ ಗಾಜಿನ ಕೋಣೇಲಿ ಯಾರೂ ನನ್ನ ಮೇಲೆ ಸಿಟ್ಟೂ ಮಾಡ್ಕೊಳ್ಳಲ್ಲ ಮೇಷ್ಟ್ರೇ. ಬೊಂಬೆ ಮೇಲೆ ಯಾರು ಸಿಟ್ಟಾಗ್ತಾರೆ?"

"ನೀವು ಅಲ್ಲಿಂದ ಬಂದ್ಬಿಡಬಾರ್ದಾ?"

"ಬಂದ್ರೆ ನನ್ನ ಕೈ ಅಲ್ಲೇ ಬಿಟ್ಟು ಬರ್ಬೇಕು. ನಾಲ್ಕು ವರ್ಷ ಈ ಕೈ ಏನು ಮಾಡಿದ್ರೂ ಅದು ಅವರದ್ದು."

ಅವನು ಹತ್ತಿರ ಬಂದು ಕುಳಿತ. ಅವಳ ಸುಟ್ಟ ಬೆರಳಿಗೆ ಒದ್ದೆ ಬಟ್ಟೆ ಸುತ್ತಿದ. ನಿಧಾನವಾಗಿ ಸುತ್ತಿದ. ಬೇಕಾದ್ದಕ್ಕಿಂತ ತುಸು ಹೆಚ್ಚೇ ನಿಧಾನ...

ಶಾಲೆಯಲ್ಲಿದ್ದ ಹಳೇ ಬಳೆಗಳು ಒಂದೊಂದಾಗಿ ಬದುಕಿದವು. ಮೊದಲನೆಯದು ಅಕ್ಕನದೇ. ಮಗು ಅತ್ತಾಗ ಅಕ್ಕ ಕೈಯಲ್ಲಿದ್ದ ಬಟ್ಟೆ ಬಿಸಾಡಿ ಓಡಿದ್ದನ್ನು ನೋಡಿ ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ.

ಆದರೆ ಬೆಸುಗೆಯ ಕಲೆ ಮುಚ್ಚಿಡಲು ಬರುವುದಿಲ್ಲ. ಬೆರಳು ನೋಡಿದ ಕೂಡಲೇ ಅಣ್ಣನಿಗೆ ಗೊತ್ತಾಯಿತು. ಅಣ್ಣ ಬಾಯಿಬಿಡಲಿಲ್ಲ, ಹೆದರಿದ ಅಷ್ಟೇ. ಬಾಯಿಬಿಟ್ಟಿದ್ದು ಅವಳ ಕಂಪನಿ ಲ್ಯಾಪ್‌ಟಾಪು. ಬಳೆಗೆ ಹೊಸ ಬುದ್ಧಿ ಕೊಡುವ ಪ್ರೋಗ್ರಾಮು ಬರೆದದ್ದು ಅದರಲ್ಲೇ. ಒಂದು ಬೆಳಿಗ್ಗೆ ಅದು ಅವಳ ಮೇಜಿನ ಮೇಲಿರಲಿಲ್ಲ. ಅಧ್ಯಕ್ಷರ ಮೇಜಿನ ಮೇಲಿತ್ತು.

"ಅದ್ಭುತ ಕೆಲಸ ಕಣಮ್ಮ!" ಎಂದರು ಅವರು. ಗದರಲಿಲ್ಲ. ಅದೇ ಅವಳಿಗೆ ಭಯ ತಂದದ್ದು. "ಹೊಸ ಬಳೇಲಿ ಇದನ್ನೇ ಹಾಕ್ತಿದ್ದೀವಿ. ನಿಮ್ಮ ತಲೇಲಿ ಹುಟ್ಟಿದ್ದು ನಮ್ಮದೇ ತಾನೆ? ನೀವೇ ವೇದಿಕೆ ಮೇಲೆ ನಿಂತು ಹೇಳ್ತೀರಿ."

"ಆ ಶಾಲೆಯ ಮಕ್ಕಳ ಬಳೆ...?"

"ಕಂಪನಿ ಸ್ವತ್ತನ್ನ ಒಪ್ಪಿಗೆ ಇಲ್ದೆ ತಿದ್ದಿದ್ದಾರೆ. ಕೇಸು ಹಾಕಿದ್ರೆ ಆ ಶಾಲೆ ಬಾಗಿಲು ಹಾಕ್ಬೇಕಾಗುತ್ತೆ. ಮೇಷ್ಟ್ರು ಜೈಲಿಗೂ ಹೋಗ್ಬೋದು... ಹಾಕೋದು ಬೇಡ ಅಂತಲೇ ನನ್ನಾಸೆ. ನೀವು ಆ ಕಡೆ ತಲೆ ಹಾಕ್ಬೇಡಿ. ಫೋನೂ ಬೇಡ. ಅಷ್ಟೇ."

ನಗುತ್ತಲೇ ಹೇಳಿದರು. ನಾಲ್ಕು ಗೋಡೆಯೂ ಒಂದೊಂದು ಹೆಜ್ಜೆ ಒಳಗೆ ಸರಿದ ಹಾಗಾಯಿತು ಅವಳಿಗೆ.

ಮೇಷ್ಟ್ರ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು. ಪರದೆಯ ಮೇಲೆ ಅವನ ಹೆಸರು ಮಿನುಗಿ ಆರುವುದನ್ನು ನೋಡುತ್ತಾ ಕುಳಿತಳು. 'ಎತ್ತಿದ್ರೆ ಹೇಳ್ಬಿಡ್ತೀನಿ... ಹೇಳಿದ್ರೆ ಮೇಷ್ಟ್ರು ಸುಮ್ನಿರಲ್ಲ... ಇಲ್ಲಿಗೇ ಬಂದು ಮೇಜು ಗುದ್ದುತ್ತಾರೆ. ಆಮೇಲೆ ಆ ಮಕ್ಕಳು?' ಕೊನೆಗೆ ಫೋನನ್ನು ಬೋರಲು ಹಾಕಿದಳು.

ಹೊಸ ಬಳೆಯ ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ಅಂದಕ್ಕಿರಲಿ ಎಂದು ಕಂಪನಿಯವರು ಆ ಶಾಲೆಯ ಮಕ್ಕಳನ್ನೇ ಕರೆಸಿ ಮುಂದಿನ ಸಾಲಲ್ಲಿ ಕೂರಿಸಿದ್ದರು! ಮಕ್ಕಳ ಜೊತೆ ಅಕ್ಕ. ಅಕ್ಕನ ಪಕ್ಕದಲ್ಲಿ ಮೇಷ್ಟ್ರು.

ಅವಳು ವೇದಿಕೆಗೆ ಬಂದಾಗ ಅವನ ಕಣ್ಣು ಅರಳಿದ್ದನ್ನು ಕಂಡಳು. ಮರುಗಳಿಗೆಯೇ ಅದು ಆರಿದ್ದನ್ನೂ ಕಂಡಳು.

"ಈ ಹೊಸ ಬಳೆಗೆ ದೂರದ ಕಂಪ್ಯೂಟರ್ ಬೇಕಿಲ್ಲ. ಸದ್ದನ್ನು ಇದೇ ಗುರುತಿಸುತ್ತದೆ..." ಬರೆದುಕೊಟ್ಟದ್ದನ್ನು ಅವಳ ಬಾಯಿ ಹೇಳುತ್ತಿತ್ತು. ಪರದೆಯ ಮೇಲೆ ಬೆಲೆ ಮೂಡಿತು. ಆ ಶಾಲೆಯ ಯಾವ ಮನೆಯವರೂ ಕೊಳ್ಳಲಾರದ ಬೆಲೆ.

ಚಪ್ಪಾಳೆಯೋ ಚಪ್ಪಾಳೆ!

ಅಧ್ಯಕ್ಷರು ಮೈಕು ಆರಿಸಿ, ಅವಳ ಪಕ್ಕಕ್ಕೆ ಬಂದು ಮೊಣಕೈ ಹಿಡಿದು ಏನೋ ಹೇಳಿದರು. ಅವಳೂ ಏನೋ ಹೇಳಿದಳು. ಆ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಸಭಾಂಗಣದ ಹೊರಗಿನ ಪಡಸಾಲೆಯಲ್ಲಿ ಮೇಷ್ಟ್ರು ಅಡ್ಡ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ನಮ್ಮ ಮಕ್ಕಳ ಮೇಲೆ ಪರೀಕ್ಷೆ ಮಾಡಿದ್ರಾ?"

"ಮೇಷ್ಟ್ರೇ... ಅದು..."

"ಆ ಮುರುಕು ಕೋಣೆ, ಆ ನಗು, ಸುಟ್ಟ ಬೆರಳು... ಎಲ್ಲಾ ಇದಕ್ಕೇನಾ?"

ಅವಳ ಹಿಂದೆ ಎರಡೇ ಹೆಜ್ಜೆ ದೂರದಲ್ಲಿ ಅಧ್ಯಕ್ಷರು ಯಾರದೋ ಕೈ ಕುಲುಕುತ್ತಾ ಇತ್ತಲೇ ಕಿವಿಯಿಟ್ಟಿದ್ದರು.

'ಹೇಳು! ಹೇಳ್ಬಿಡು!' ಎಂದು ಮನಸ್ಸು ಚೀರಿತು. ನಾಲಿಗೆ ಏಳಲಿಲ್ಲ.

"ಒಂದು ಸಲ ಇಲ್ಲ ಅನ್ನಿ ಸಾಕು," ಎಂದ ಅವನು. ದನಿ ಒಡೆದಿತ್ತು. "ನಂಬ್ತೀನಿ."

ಅವಳು ತಲೆ ತಗ್ಗಿಸಿದಳು.

ಅವನು ಹೊರಟುಹೋದ. ಈ ಸಲ ಒಂದು ಚುಚ್ಚು ಮಾತನ್ನೂ ಬಿಟ್ಟುಹೋಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಗಾಜಿನ ಕೋಣೆಗೆ ಅಕ್ಕ ಬಂದಳು. ಕಂಕುಳಲ್ಲಿ ಮಗು. ಕೆಳಗಿನ ಸೆಕ್ಯುರಿಟಿಯವರು 'ಬಿಡಲ್ಲ' ಎಂದದ್ದು ತನಗೆ ಕೇಳಿಸಲೇ ಇಲ್ಲವೆಂದು ನಟಿಸಿ ನೇರ ಮೇಲೆ ಬಂದಿದ್ದಳಂತೆ!

ಕುಳಿತವಳೇ ಒಂದೇ ತೂಕದ ದನಿಯಲ್ಲಿ ಕೇಳಿದಳು:

"ನಿನ್ನೆ ಚಪ್ಪಾಳೆ ತಟ್ಟುವಾಗ ಆ ಮನುಷ್ಯ ನಿಮಗೆ ಹೇಳಿದ್ದು, 'ನಗ್ರೀ, ಇಲ್ದಿದ್ರೆ ಶಾಲೆ ಗತಿ ಗೊತ್ತಲ್ಲ' ಅಂತ. ನೀವು ಹೇಳಿದ್ದು, 'ಹೇಳಿದ್ದೆಲ್ಲ ಮಾಡಿದ್ದೀನಿ, ಆ ಮಕ್ಕಳ ತಂಟೆಗೆ ಹೋಗ್ಬೇಡಿ' ಅಂತ. ಸರೀನಾ?"

ಅವಳು ದಂಗಾದಳು. "ಅಕ್ಕಾ... ನಿಮಗೆ ಹೇಗೆ..."

"ಚಪ್ಪಾಳೆ ನಿಮಗೆಲ್ಲ ಅಡ್ಡ. ನನಗಲ್ಲ."

ಅಷ್ಟು ದಿನ ಕಟ್ಟಿಕೊಂಡಿದ್ದ ಅಳು ಕಟ್ಟೆಯೊಡೆಯಿತು. ಬಿಕ್ಕುತ್ತಾ ಬಿಕ್ಕುತ್ತಾ ಎಲ್ಲ ಹೇಳಿದಳು. ಅತ್ತಾಗ ತುಟಿ ಸರಿಯಾಗಿ ಕಾಣದೆ ಅಕ್ಕ ನಡುನಡುವೆ ಅವಳ ಗಲ್ಲ ಹಿಡಿದೆತ್ತಿ, "ಮತ್ತೆ ಹೇಳಿ," ಎನ್ನುತ್ತಿದ್ದಳು.

"ನಿಮಗೆಲ್ಲ ತೊಂದ್ರೆ ಆಗ್ಬಾರ್ದು ಅಂತ..."

"ನಮಗೆ ಕೇಳಿಸಲ್ಲ, ನಿಜ," ಎಂದಳು ಅಕ್ಕ. "ಆದ್ರೆ ನೀವು ನಮ್ಮನ್ನ ಒಂದು ಮಾತು ಕೇಳ್ಬೋದಿತ್ತಲ್ಲ!"

ಅವಳ ಬಿಕ್ಕು ನಿಂತಿತು.

"ನಮ್ಮನ್ನ ಕಾಪಾಡೋಕೆ ನೀವು ಇಲ್ಲಿ ಉಸಿರುಗಟ್ಟಿ ಕೂತಿದ್ದೀರಿ. ನಾವು ಅಷ್ಟೊಂದು ಕೈಲಾಗದವರಾ? ಮಕ್ಕಳ ಅಪ್ಪ ಅಮ್ಮಂದಿರಿಗೆ ಹೇಳಿದ್ರೆ ಅವರೇ ಈ ಕಟ್ಟಡದ ಮುಂದೆ ಬಂದು ನಿಲ್ತಾರೆ. ಮಗು ಹಣೆ ತೋರ್ಸೋಕೆ ನಾನೂ ಬರ್ತೀನಿ. ನೀವು ಭಯ ಬಿಡಿ. ಆಮೇಲೆ ನೋಡೋಣ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಅಧ್ಯಕ್ಷರ ಕೋಣೆಯ ಬಾಗಿಲಲ್ಲಿ ಅಣ್ಣ ಎದುರಾದ. ತಂಗಿಯ ಮುಖ, ಹಿಂದೆ ನಿಂತ ಅಕ್ಕನ ಕಂಕುಳಲ್ಲಿದ್ದ ಮಗುವಿನ ಹಣೆ, ಎರಡನ್ನೂ ನೋಡಿದ.

"ಅಣ್ಣಾ, ಬಿಡ್ತಿದ್ದೀನಿ. ತಡೀಬೇಡ."

ಅಣ್ಣ ಬಾಗಿಲನ್ನು ತಾನೇ ತೆರೆದು ಹಿಡಿದ. "ನಾನೂ ಇಷ್ಟು ದಿನ ಕೈಗೆ ಬಳೆ ತೊಟ್ಕೊಂಡು ಕೂತಿದ್ದೆ ಕಣೆ," ಎಂದ. "ಅದೂ ಮಿಡಿಯದ ಬಳೆ. ನಡಿ, ಜೊತೇಲೇ ಹೋಗೋಣ."

ಅಧ್ಯಕ್ಷರು ಮೊದಲು ನಕ್ಕರು, ಆಮೇಲೆ ಗದರಿದರು, ಕೊನೆಗೆ ಲಾಯರನ್ನು ಕರೆಸಿದರು. ಅವಳ ದನಿ ಮಾತ್ರ ಏರಲಿಲ್ಲ.

"ಮಾರಿದ್ದರಲ್ಲಿ ನನಗೆ ಬರೋ ಪಾಲು ಪೂರ್ತಿ ನೀವೇ ಇಟ್ಕೊಳ್ಳಿ. ಹೊಸ ಬಳೆಯೂ ನಿಮ್ಮದೇ. ಆದ್ರೆ ಹಳೇ ಬಳೆಗಳನ್ನ ಯಾರು ಬೇಕಾದ್ರೂ ತಿದ್ದಿಕೊಳ್ಳೋಕೆ ಬಿಡ್ಬೇಕು. ಶಾಲೆ ತಂಟೆಗೆ ಹೋಗ್ಬಾರ್ದು. ಇಲ್ಲಾಂದ್ರೆ, ದೀಪ ಉರಿಸಿಟ್ಟು ಬಳೆ ಸಾಯಿಸಿದ್ದು ಯಾರು ಅಂತ ನಾನೇ ಊರಿಗೆಲ್ಲ ಹೇಳ್ತೀನಿ. ನನ್ನ ಮುಖ ಎಲ್ಲರಿಗೂ ಗುರುತು ಮಾಡ್ಸಿದ್ದು ನೀವೇ ಅಲ್ವಾ?"

ಲಾಯರು ಮಗುವಿನ ಹಣೆಯನ್ನೊಮ್ಮೆ ನೋಡಿ ಅಧ್ಯಕ್ಷರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅಧ್ಯಕ್ಷರು ಹಲ್ಲು ಕಚ್ಚಿದರು.

"ಆಯ್ತು. ಆದ್ರೆ ಎರಡು ವರ್ಷ ನೀವು ಯಾವ ಯಂತ್ರವನ್ನೂ ಮಾಡೋ ಹಾಗಿಲ್ಲ. ಬೆಸುಗೆ ಕಡ್ಡಿ ಮುಟ್ಟೋ ಹಾಗಿಲ್ಲ. ಒಪ್ತೀರಾ?"

ಅದು ಮಾತ್ರ ಎದೆಗೆ ಚುಚ್ಚಿತು. ಅವಳ ಬದುಕೇ ಅದು! ಒಂದು ಕ್ಷಣ ಕಣ್ಣು ಮುಚ್ಚಿದಳು.

"ಒಪ್ತೀನಿ."

ಸಂಜೆ ಅಮ್ಮನ ಮನೆಯಲ್ಲಿ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಕೆಲಸವಿಲ್ಲ. ಕಂಪನಿಯಿಲ್ಲ. ಖಾಲಿ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು.

"ಅಷ್ಟು ದೊಡ್ಡ ಕೆಲಸ ಬಿಟ್ಟು ಬಂದಿದೀಯ. ಇನ್ನೇನು ಮಾಡ್ತೀಯೆ?" ಎಂದು ಅಮ್ಮ ಗೊಣಗಿದರು. ಗೊಣಗುತ್ತಲೇ ಅವಳ ತಲೆ ಸವರಿ, "ಮುಖದಲ್ಲಿ ಮಾತ್ರ ಕಳೆ ಬಂದಿದೆ, ಹಾಳಾದವಳೇ," ಎಂದರು.

ಬಾಗಿಲು ತಟ್ಟಿದ ಸದ್ದು.

ಅಮ್ಮ ಹೋಗಿ ನೋಡಿ ಬಂದರು. "ಯಾರೋ ಮೇಷ್ಟ್ರಂತೆ. ಅಷ್ಟು ಹೇಳಿ ನಿಂತೇ ಇದಾರೆ, ಮತ್ತೆ ಬಾಯೇ ಬಿಡ್ತಿಲ್ಲ. ನೀನೇ ವಿಚಾರಿಸ್ಕೋ." ಹೇಳಿ, ಇಲ್ಲದ ಕೆಲಸ ನೆನಪಿಸಿಕೊಂಡು ಹಿತ್ತಲಿಗೆ ಹೋದರು.

ಹೊಸ್ತಿಲಾಚೆ ಅವನು. ಕಣ್ಣು ಕೆಂಪಾಗಿತ್ತು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಮಾತು ಕಲಿಸೋ ಮೇಷ್ಟ್ರಿಗೆ ಮಾತೇ ಬರ್ತಿಲ್ವಾ?" ಎಂದಳು ಅವಳು.

"ಅಕ್ಕ ಎಲ್ಲಾ ಹೇಳಿದ್ಲು... ನಾನು... ನಿಮ್ಮ ಬಾಯಿಂದ ಒಂದು ಮಾತು ಬರ್ಲಿಲ್ಲ ಅಂತ ನಿಮ್ಮನ್ನ ಬಿಟ್ಟು ಹೋದೆ. ದಿನಾ ಮಾತು ಬಾರದ ಮಕ್ಕಳ ಜೊತೆ ಇರೋನು ನಾನು. ನಿಮ್ಮ ಮುಖ ನೋಡಿ ಗೊತ್ತಾಗ್ಬೇಕಿತ್ತು..." ಅವನು ಒಂದು ಹೆಜ್ಜೆ ಹಿಂದೆ ಸರಿದ. "ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

"ಫೋನ್ ಎತ್ತದೇ ಇದ್ದಿದ್ದು ನಾನು. ತಪ್ಪು ನನ್ನದೂ ಇದೆ."

ಹಿತ್ತಲಿನಲ್ಲಿ ಅಮ್ಮ ಬೇಕೆಂದೇ ಬಕೆಟ್ಟು ಸದ್ದು ಮಾಡುತ್ತಿದ್ದರು.

"ಈಗ ನನ್ನ ಹತ್ರ ಏನೂ ಇಲ್ಲ ಮೇಷ್ಟ್ರೇ," ಎಂದಳು. "ಎರಡು ವರ್ಷ ಏನೂ ಮಾಡೋ ಹಾಗೂ ಇಲ್ಲ. ಬೆಳಿಗ್ಗೆ ಎದ್ದು ಏನು ಮಾಡ್ಲಿ ಅಂತಲೇ ಗೊತ್ತಾಗ್ತಿಲ್ಲ."

"ನಮ್ಮ ಶಾಲೆ ದೊಡ್ಡ ಮಕ್ಕಳಿಗೆ ಬಿಚ್ಚೋದು, ಜೋಡ್ಸೋದು ಕಲಿಸೋರು ಬೇಕಾಗಿದ್ದಾರೆ," ಎಂದ ಅವನು ತಡೆತಡೆದು. "ನೀವು ಮಾಡ್ಬೇಡಿ, ಹೇಳ್ಕೊಡಿ ಸಾಕು. ಹೇಳ್ಕೊಡ್ಬಾರ್ದು ಅಂತ ಎಲ್ಲೂ ಬರೆದಿಲ್ವಂತೆ. ನಿಮ್ಮಣ್ಣನ್ನೇ ಕೇಳಿದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

"ಅಷ್ಟು ಹೇಳೋಕೇ ಇಷ್ಟು ದೂರ ಬಂದ್ರಾ?"

"ಅಲ್ಲ." ಅವನು ನೇರ ಅವಳ ಕಣ್ಣನ್ನೇ ನೋಡಿದ. "ನೀವಿಲ್ದೆ ಆ ಕೋಣೆಗೆ ಹೋಗೋಕಾಗ್ತಿಲ್ಲ. ಮನೇಲೂ ಇರೋಕಾಗ್ತಿಲ್ಲ. ನನ್ನ ಜೊತೆ ಬಾಳ್ತೀರಾ... ಅಂತ ಕೇಳೋಕೆ ಬಂದೆ."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಸಂಜೆಯ ಗಾಳಿ ಮುಖಕ್ಕೆ ತಾಗಿತು. ಎದೆ ತುಂಬ ಉಸಿರೆಳೆದುಕೊಂಡಳು.

"ಷರತ್ತುಗಳು ಏನಿವೆ?"

"ಒಂದೇ. ಹೋಗ್ಬೇಕು ಅನ್ಸಿದ್ರೆ ಹೇಳಿ ಹೋಗ್ಬೇಕು. ಫೋನ್ ಬೋರಲು ಹಾಕಿ ಮಾಯ ಆಗ್ಬಾರ್ದು."

"ಹೋಗ್ಬೇಕು ಅಂತ ಅನ್ನಿಸ್ದೇ ಇದ್ರೆ...?"

ಅವನ ಮುಖ ಮೆಲ್ಲನೆ ಅರಳಿತು. ಹೊಸ್ತಿಲ ಈಚೆಗೆ ಅಂಗೈ ಚಾಚಿದ.

"ಅದಕ್ಕೆ ನನ್ನ ಹತ್ರ ಷರತ್ತಿಲ್ಲ, ತಂತಿ."

"ಆ ಹೆಸರು ಯಾರು ಹೇಳಿದ್ರು ನಿಮಗೆ?"

"ನಿಮ್ಮಮ್ಮ. ಈಗ ಬಾಗಿಲು ತೆಗೆದಾಗ."

ಅವಳು ನಗುತ್ತಾ ಅವನ ಅಂಗೈಯಲ್ಲಿ ಕೈಯಿಟ್ಟಳು.